ತ್ಯಾಜ್ಯದಿಂದ ಬೆಲೆಬಾಳುವ ಆಮ್ಲ: ನಾಲ್ಕು ದಾರಿಗಳಲ್ಲಿ ನಿಮಗೆ ಒಗ್ಗುವುದು ಯಾವುದು?

ಡೇರಿಯ ಹಾಲೊಡಕು, ಮಾರುಕಟ್ಟೆಯ ಹಣ್ಣು-ತರಕಾರಿ ಕಸ, ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಾಕಂಬಿ ದ್ರಾವಣ: ಇವೆಲ್ಲ ಸಾಮಾನ್ಯವಾಗಿ ಬಯೋಗ್ಯಾಸ್ ತೊಟ್ಟಿಗೆ ಹೋಗುತ್ತವೆ. ಆ ತೊಟ್ಟಿಯಲ್ಲಿ ಮೀಥೇನ್ ಹುಟ್ಟುವ ಮೊದಲು ಆಮ್ಲಗಳು ಹುಟ್ಟುತ್ತವೆ. ಕೊನೆಯ ಹೆಜ್ಜೆಯನ್ನು ತಡೆದರೆ ಅಸಿಟಿಕ್, ಬ್ಯುಟಿರಿಕ್, ಲ್ಯಾಕ್ಟಿಕ್ ಆಮ್ಲಗಳು ಕೈಗೆ ಸಿಗುತ್ತವೆ. ಇನ್ನೊಂದು ಹೆಜ್ಜೆ ಮುಂದೆ ಹೋದರೆ ಆರು ಕಾರ್ಬನ್ನಿನ ಕ್ಯಾಪ್ರೋಯಿಕ್, ಎಂಟು ಕಾರ್ಬನ್ನಿನ ಕ್ಯಾಪ್ರಿಲಿಕ್ ಆಮ್ಲಗಳೂ ಸಿಗುತ್ತವೆ. ಒಂದೇ ಜಾತಿಯ ಸೂಕ್ಷ್ಮಜೀವಿಯ ಶುದ್ಧ ಕಲ್ಚರ್ ಬೇಕಿಲ್ಲ, ಫೀಡನ್ನು, ಅಂದರೆ ತೊಟ್ಟಿಗೆ ಉಣಿಸುವ ತ್ಯಾಜ್ಯವನ್ನು, ಸ್ಟೆರಿಲೈಸ್ ಮಾಡಬೇಕಿಲ್ಲ. ಗೋಬರ್ ಗ್ಯಾಸ್ ಬಗ್ಗಡವನ್ನೇ ಹೆಪ್ಪಾಗಿ ಹಾಕಿ ಆರಂಭಿಸಬಹುದು.

ಗೊಂದಲ ಶುರುವಾಗುವುದು ಯಾವ ಆಮ್ಲ, ಯಾವ ದಾರಿ ಎಂಬಲ್ಲಿ. ಹೆಚ್ಚಿನವರು ಸೂಕ್ಷ್ಮಜೀವಿಯಿಂದ ಯೋಚನೆ ಆರಂಭಿಸಿ, ರಿಯಾಕ್ಟರ್ ಕಟ್ಟಿ, ಆಮೇಲೆ ಆಮ್ಲವನ್ನು ನೀರಿನಿಂದ ಹೊರತೆಗೆಯುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಾರೆ. ಇದು ತಿರುವುಮುರುವು. ಆಮ್ಲವನ್ನು ಹೊರತೆಗೆಯುವ ವಿಧಾನವೇ ಪಿಎಚ್ (ದ್ರವದ ಹುಳಿ-ಕ್ಷಾರದ ಅಳತೆ) ಎಷ್ಟಿರಬೇಕೆಂದು ಹೇಳುತ್ತದೆ. ಆ ಪಿಎಚ್ಚೇ ಯಾವ ಜೀವಿಗಳು ಉಳಿಯುತ್ತವೆ, ಯಾವ ಆಮ್ಲ ಬರುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಆಯ್ಕೆಯನ್ನು ಕೊನೆಯಿಂದ ಹಿಂದಕ್ಕೆ ಮಾಡಿಕೊಂಡು ಬರಬೇಕು.

ತೂಗಿ ನೋಡುವ ಅಳತೆಗಳು

ಮೊದಲ ಅಳತೆ ಬಯೋಗ್ಯಾಸ್. ಒಂದು ಕೆ.ಜಿ. ಸಿಒಡಿ (ತ್ಯಾಜ್ಯದಲ್ಲಿನ ಸಾವಯವ ವಸ್ತುವನ್ನು ಪೂರ್ತಿ ಉರಿಸಲು ಬೇಕಾಗುವ ಆಮ್ಲಜನಕದ ಲೆಕ್ಕ) ಪೂರ್ತಿ ಮೀಥೇನ್ ಆದರೆ 0.35 ಘನ ಮೀಟರ್, ಅಂದರೆ ಸುಮಾರು 0.25 ಕೆ.ಜಿ. ಸಿಗುತ್ತದೆ. ಶಾಖದ ಲೆಕ್ಕದಲ್ಲಿ ಇದು 0.27 ಕೆ.ಜಿ. ಎಲ್‌ಪಿಜಿಗೆ ಸಮ. ಅದೇ ಒಂದು ಕೆ.ಜಿ. ಸಿಒಡಿ ಪೂರ್ತಿ ಕ್ಯಾಪ್ರೋಯಿಕ್ ಆದರೆ 0.45 ಕೆ.ಜಿ. ಆಮ್ಲ. ಅರ್ಧ ಸಿಒಡಿ ಮಾತ್ರ ಅದಾಗಿ ತಿರುಗಿದರೂ 0.22 ಕೆ.ಜಿ. ಬರುತ್ತದೆ. ಹೀಗಾಗಿ ಪ್ರಶ್ನೆ ಸರಳ: ಹೊರತೆಗೆಯುವ ಖರ್ಚು ಕಳೆದ ಮೇಲೆ ಆ 220 ಗ್ರಾಂ ಆಮ್ಲದ ಬೆಲೆ 270 ಗ್ರಾಂ ಎಲ್‌ಪಿಜಿಯನ್ನು ಮೀರುತ್ತದೆಯೇ? ಮೀರದಿದ್ದರೆ ಬಯೋಗ್ಯಾಸ್ ಘಟಕವೇ ಸಾಕು, ಮುಂದೆ ಓದುವ ಅಗತ್ಯವಿಲ್ಲ.

ಎರಡನೆಯದು ಫೀಡಿನಲ್ಲಿ ಏನಿದೆ ಎಂಬುದು. ಸಕ್ಕರೆ, ಲ್ಯಾಕ್ಟಿಕ್ ಆಮ್ಲ, ಎಥನಾಲ್, ಪಿಷ್ಟ, ನಾರು, ಪ್ರೋಟೀನ್ ಎಲ್ಲವೂ ಸಿಒಡಿ ಮೀಟರಿಗೆ ಒಂದೇ. ಜೀವಿಗಳಿಗೆ ಹಾಗಲ್ಲ. ಸಲ್ಫೇಟ್ ಎಷ್ಟಿದೆ ಎಂದು ಬೇರೆಯಾಗಿ ನೋಡಿಸಿ. ಪ್ರತಿ ಗ್ರಾಂ ಸಲ್ಫೇಟ್ 0.67 ಗ್ರಾಂ ಸಿಒಡಿ ತಿಂದು ಹೈಡ್ರೋಜನ್ ಸಲ್ಫೈಡ್ ಕೊಡುತ್ತದೆ. ಕಾಕಂಬಿ ಮೂಲದ ದ್ರಾವಣಗಳಲ್ಲಿ ಈ ಕಾಟ ಖಚಿತ.

ಮೂರನೆಯದು ಕ್ಷಾರ. ಆಮ್ಲವನ್ನು ಪಿಎಚ್ 7ರಲ್ಲಿ ಹಿಡಿದಿಡಲು ಒಂದು ಕೆ.ಜಿ. ಅಸಿಟಿಕ್ ಆಮ್ಲಕ್ಕೆ 0.67 ಕೆ.ಜಿ. ಕಾಸ್ಟಿಕ್ ಸೋಡಾ ಬೇಕು. ಲ್ಯಾಕ್ಟಿಕ್‌ಗೆ 0.44, ಕ್ಯಾಪ್ರೋಯಿಕ್‌ಗೆ 0.34. ಆಮ್ಲದ ಕಾರ್ಬನ್ ಸರಪಳಿ ಉದ್ದವಾದಷ್ಟೂ ಕ್ಷಾರದ ಖರ್ಚು ಇಳಿಯುತ್ತದೆ. ಮತ್ತೆ ಆಮ್ಲವಾಗಿಸಲು ಗಂಧಕಾಮ್ಲ ಸುರಿದರೆ ಒಂದು ಕೆ.ಜಿ. ಕ್ಯಾಪ್ರೋಯಿಕ್‌ಗೆ 0.61 ಕೆ.ಜಿ. ಸೋಡಿಯಂ ಸಲ್ಫೇಟ್ ಕೂಡ ಹುಟ್ಟುತ್ತದೆ. ಆ ಉಪ್ಪುನೀರನ್ನು ಎಲ್ಲಿ ಬಿಡುತ್ತೀರಿ ಎಂಬ ಪ್ರಶ್ನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆ ಉತ್ತರ ಇರಬೇಕು.

ಕೊನೆಯದಾಗಿ ಕೈಯಲ್ಲಿರುವ ಉಪಕರಣ ಮತ್ತು ಜನ. ಟೈಟ್ರೇಶನ್ನಿನಿಂದ ಒಟ್ಟು ಆಮ್ಲ ಮಾತ್ರ ಗೊತ್ತಾಗುತ್ತದೆ. ಯಾವ ಆಮ್ಲ ಎಷ್ಟು ಎಂದು ತಿಳಿಯಲು ಎಫ್‌ಐಡಿ ಎಂಬ ಪತ್ತೆ ಸಾಧನ ಇರುವ ಗ್ಯಾಸ್ ಕ್ರೊಮಟೋಗ್ರಾಫ್ ಬೇಕು, ಅದು ಆಮ್ಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಲ್ಯಾಕ್ಟಿಕ್ ಆಮ್ಲಕ್ಕೆ ಎಚ್‌ಪಿಎಲ್‌ಸಿ ಬೇಕು, ಇದು ದ್ರವದಲ್ಲೇ ಆ ಕೆಲಸ ಮಾಡುವ ಯಂತ್ರ. ಸ್ವಂತಕ್ಕೆ ಇಲ್ಲದಿದ್ದರೆ ವಾರಕ್ಕೆರಡು ಸ್ಯಾಂಪಲ್ ನೋಡಿಕೊಡುವ ಕಾಲೇಜನ್ನೋ ಲ್ಯಾಬನ್ನೋ ಮೊದಲು ಗೊತ್ತುಮಾಡಿಕೊಳ್ಳಿ. ಈ ಅಳತೆಯಿಲ್ಲದೆ ಕೆಳಗಿನ ಮೂರನೇ, ನಾಲ್ಕನೇ ದಾರಿಗಳಿಗೆ ಇಳಿಯಬಾರದು.

ಒಂದು: ಸಣ್ಣ ಸರಪಳಿಯ ಮಿಶ್ರ ಆಮ್ಲ

ಎಲ್ಲಕ್ಕಿಂತ ಸುಲಭದ್ದು ಇದೇ. ಯಾವ ಹಸಿ ಕಸವಾದರೂ ನಡೆದೀತು. 35 ಡಿಗ್ರಿ ಸೆಲ್ಸಿಯಸ್, ಪಿಎಚ್ 5.5ರಿಂದ 6.5, ತೊಟ್ಟಿಯಲ್ಲಿ ದ್ರವ ತಂಗುವ ಅವಧಿ 2ರಿಂದ 6 ದಿನ. ಅವಧಿ ಕಡಿಮೆಯಾದ್ದರಿಂದ ನಿಧಾನವಾಗಿ ಬೆಳೆಯುವ ಮೀಥೇನ್ ಜೀವಿಗಳು ತೊಳೆದುಹೋಗುತ್ತವೆ. ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಮೂರೂ ಬೆರೆತು ಲೀಟರಿಗೆ 10ರಿಂದ 30 ಗ್ರಾಂ ಬರುತ್ತವೆ.

ತೊಂದರೆ ಇರುವುದು ಆಮೇಲೆ. ಈ ಮೂರೂ ನೀರಿನಲ್ಲಿ ಎಷ್ಟು ಬೇಕಾದರೂ ಕರಗುತ್ತವೆ. ಅಸಿಟಿಕ್ ಆಮ್ಲ ಕುದಿಯುವುದು 118 ಡಿಗ್ರಿಯಲ್ಲಿ, ಅಂದರೆ ಅದಕ್ಕಿಂತ ಮೊದಲು ನೀರನ್ನೆಲ್ಲ ಆವಿಯಾಗಿಸಬೇಕು. ಲೀಟರಿಗೆ 20 ಗ್ರಾಂ ಆಮ್ಲಕ್ಕಾಗಿ 980 ಗ್ರಾಂ ನೀರು ಕುದಿಸುವವರು ಯಾರೂ ಇಲ್ಲ. ಶುದ್ಧ ಅಸಿಟಿಕ್ ಆಮ್ಲ ಮಾರುತ್ತೇವೆಂದು ಈ ದಾರಿ ಹಿಡಿದರೆ ನಷ್ಟವೇ ಗತಿ.

ಬೇರ್ಪಡಿಸದೆ ಹಾಗೆಯೇ ಬಳಸುವ ಜಾಗವಿದ್ದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಾರಜನಕ ತೆಗೆಯುವ ಹಂತವಿರುವ ಕೊಳಚೆ ನೀರು ಶುದ್ಧೀಕರಣ ಘಟಕಗಳು ಒಂದು ಕೆ.ಜಿ. ನೈಟ್ರೇಟ್ ಸಾರಜನಕಕ್ಕೆ 4ರಿಂದ 6 ಕೆ.ಜಿ. ಸಿಒಡಿಯಷ್ಟು ಕಾರ್ಬನ್ ಮೂಲವನ್ನು ಹಾಕಬೇಕಾಗುತ್ತದೆ. ಮೆಥನಾಲ್ ಅಥವಾ ಸೋಡಿಯಂ ಅಸಿಟೇಟ್ ಕೊಳ್ಳುವ ಬದಲು ಈ ಆಮ್ಲದ ನೀರನ್ನೇ ಬಿಡಬಹುದು. ಇಲ್ಲೊಂದು ಮೋಸವಿದೆ. ಮಾಂಸ, ಬೇಳೆ, ಹಾಲಿನಂಥ ಪ್ರೋಟೀನ್ ಹೆಚ್ಚಿರುವ ಕಸವಾದರೆ ಆಮ್ಲದ ಜೊತೆ ಅಮೋನಿಯಾವೂ ಬರುತ್ತದೆ. ತೆಗೆಯಬೇಕಾದ ಸಾರಜನಕವನ್ನೇ ನೀವು ಕೈಯಾರೆ ತಂದು ಸುರಿದಂತಾಗುತ್ತದೆ. ಹಣ್ಣು, ಅನ್ನ, ಗೆಡ್ಡೆಗಳ ಕಸ ಈ ಕೆಲಸಕ್ಕೆ ವಾಸಿ.

ಪಿಎಚ್‌ಎ ಎಂಬ ಜೈವಿಕ ಪ್ಲಾಸ್ಟಿಕ್ ತಯಾರಿಸುವವರಿಗೂ ಇದೇ ಫೀಡ್ ಬೇಕು. ಅವರು ಕೇಳುವುದು ಒಟ್ಟು ಎಷ್ಟು ಎಂದಲ್ಲ, ದಿನದಿಂದ ದಿನಕ್ಕೆ ಅನುಪಾತ ಬದಲಾಗದಿರಲಿ ಎಂದು. ಪ್ರೊಪಿಯಾನಿಕ್ ಹೆಚ್ಚಾದರೆ ಪ್ಲಾಸ್ಟಿಕ್ ಹೆಚ್ಚು ಬಳುಕುತ್ತದೆ. ಸೋಮವಾರ ಮಾವಿನ ಸಿಪ್ಪೆ, ಗುರುವಾರ ಹೂಕೋಸು ಎಂಬಂಥ ಫೀಡ್ ಇರುವಲ್ಲಿ ಆ ಭರವಸೆ ಕೊಡುವುದು ಕಷ್ಟ.

ಎರಡು: ಲ್ಯಾಕ್ಟಿಕ್ ಆಮ್ಲ

ಸಕ್ಕರೆ, ಪಿಷ್ಟ ಹೆಚ್ಚಿರುವ ಫೀಡನ್ನು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 5ರ ಸುತ್ತಮುತ್ತ, ಒಂದೆರಡು ದಿನವಷ್ಟೇ ಇಟ್ಟರೆ ಲ್ಯಾಕ್ಟೋಬ್ಯಾಸಿಲಸ್ ಕುಲದ ಜೀವಿಗಳು ಮೇಲುಗೈ ಸಾಧಿಸುತ್ತವೆ. ಹೆಚ್ಚು ದಿನ ಬಿಟ್ಟರೆ ಅಥವಾ 35 ಡಿಗ್ರಿಗೆ ಇಳಿಸಿದರೆ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವವರು ಬರುತ್ತಾರೆ. ನಡೆಸುವುದು ಸುಲಭ, ಇಳುವರಿಯೂ ಚೆನ್ನಾಗಿದೆ.

ಆದರೂ ಮಾರಾಟದ ಸರಕಾಗಿ ಇದನ್ನು ಸಾಮಾನ್ಯವಾಗಿ ಶಿಫಾರಸು ಮಾಡುವಂತಿಲ್ಲ. ಲ್ಯಾಕ್ಟಿಕ್ ಆಮ್ಲಕ್ಕೆ ಎಡ, ಬಲ ಎಂಬ ಎರಡು ರೂಪಗಳಿವೆ. ಪಿಎಲ್‌ಎ ಪ್ಲಾಸ್ಟಿಕ್ ಮಾಡುವವರಿಗೆ ಒಂದೇ ರೂಪ ಹೆಚ್ಚುಕಡಿಮೆ ಶುದ್ಧವಾಗಿ ಬೇಕು. ಮಿಶ್ರ ಜೀವಿಗಳಿಂದ ಬರುವುದು ಎರಡರ ಬೆರಕೆ. ಸಾಂಪ್ರದಾಯಿಕ ಶುದ್ಧೀಕರಣದಲ್ಲಿ ಸುಣ್ಣ ಹಾಕಿ, ಆಮೇಲೆ ಗಂಧಕಾಮ್ಲ ಹಾಕಿದರೆ ಒಂದು ಟನ್ ಆಮ್ಲಕ್ಕೆ ಸುಮಾರು ಒಂದು ಟನ್ ಜಿಪ್ಸಂ ಬೀಳುತ್ತದೆ. ಲ್ಯಾಕ್ಟಿಕ್ ಆಮ್ಲದ ನಿಜವಾದ ಬೆಲೆ ಇರುವುದು ನಾಲ್ಕನೇ ದಾರಿಯ ಮೊದಲ ಮೆಟ್ಟಿಲಾಗಿ.

ಮೂರು: ಎಥನಾಲ್ ಕೊಟ್ಟು ಸರಪಳಿ ಉದ್ದಮಾಡುವುದು

ಕ್ಲಾಸ್ಟ್ರಿಡಿಯಂ ಕ್ಲೂಯ್ವರಿ ಎಂಬ ಬ್ಯಾಕ್ಟೀರಿಯಾ ಈ ಕೆಲಸದ ಮೇಸ್ತ್ರಿ. ಎರಡು ಕಾರ್ಬನ್ನಿನ ಅಸಿಟೇಟ್‌ಗೆ (ಅಸಿಟಿಕ್ ಆಮ್ಲದ ಉಪ್ಪಿನ ರೂಪ; ಬ್ಯುಟಿರೇಟ್, ಕ್ಯಾಪ್ರೋಯೇಟ್ ಕೂಡ ಹೀಗೆಯೇ) ಎಥನಾಲ್‌ನಿಂದ ಎರಡು ಕಾರ್ಬನ್ ಜೋಡಿಸಿ ಬ್ಯುಟಿರೇಟ್ ಮಾಡುತ್ತದೆ, ಇನ್ನೆರಡು ಜೋಡಿಸಿ ಕ್ಯಾಪ್ರೋಯೇಟ್ ಮಾಡುತ್ತದೆ. ಪ್ರತಿ ಆರು ಎಥನಾಲ್ ಅಣುಗಳಲ್ಲಿ ಒಂದನ್ನು ಶಕ್ತಿಗಾಗಿ ಅಸಿಟೇಟ್ ಆಗಿಸಿಕೊಂಡು, ಉಳಿದ ಐದನ್ನು ಜೋಡಣೆಗೆ ಬಳಸುತ್ತದೆ. ಇದರಿಂದ ಲೆಕ್ಕ ಸ್ಪಷ್ಟವಾಗುತ್ತದೆ: ಒಂದು ಕೆ.ಜಿ. ಕ್ಯಾಪ್ರೋಯಿಕ್ ಆಮ್ಲಕ್ಕೆ ಕನಿಷ್ಠ 0.95 ಕೆ.ಜಿ. ಎಥನಾಲ್, ಅಂದರೆ 1.2 ಲೀಟರ್. ಜೊತೆಗೆ 0.31 ಕೆ.ಜಿ. ಅಸಿಟಿಕ್ ಆಮ್ಲ. ಇದು ಕಾಗದದ ಮೇಲಿನ ಅತ್ಯುತ್ತಮ ಸ್ಥಿತಿ. ನಿಜದಲ್ಲಿ ಇನ್ನೂ ಮೂರನೇ ಒಂದು ಪಾಲು ಹೆಚ್ಚು ಎಥನಾಲ್ ಹೋಗುತ್ತದೆಂದು ಇಟ್ಟುಕೊಳ್ಳಿ.

ಹಾಗಾಗಿ ಶುದ್ಧ ಎಥನಾಲ್ ಕೊಂಡು ತಂದು ಮಾಡುವುದಾದರೆ ಲಾಭ ಕರಗುತ್ತದೆ. ಪೆಟ್ರೋಲಿಗೆ ಬೆರೆಸಲು ಎಥನಾಲ್‌ಗೆ ಗಿರಾಕಿ ಕಾದಿರುವಾಗ ಡಿಸ್ಟಿಲರಿಯವರು ನಿಮಗೇಕೆ ಕೊಟ್ಟಾರು? ಮೇಲಾಗಿ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಕುಡಿಯಲಾಗದಂತೆ ಬೆರಕೆ ಮಾಡಿದ ಸ್ಪಿರಿಟ್ ತಂದರೆ ಅದರೊಳಗಿನ ಬೆರಕೆ ಜೀವಿಗಳನ್ನೇ ಕೊಲ್ಲಬಹುದು. ಈ ದಾರಿ ಲಾಭ ಕೊಡುವುದು ಬಟ್ಟಿ ಇಳಿಸುವ ಮುಂಚಿನ ದ್ರಾವಣ ಕೈಗೆಟಕುವಲ್ಲಿ. ಬಟ್ಟಿ ಇಳಿಸುವ ಉಗಿಯ ಖರ್ಚು ಅಲ್ಲಿ ಉಳಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾರ್ಸ್ ಆಂಗೆನೆಂಟ್ ಅವರ ತಂಡ 2012ರಲ್ಲಿ ತೋರಿಸಿದ್ದು ಇದನ್ನೇ. ಮೆಕ್ಕೆಜೋಳದ ಹುದುಗಿನ ತೆಳು ಎಥನಾಲ್ ಅನ್ನು ಪಿಎಚ್ 5.5ರಲ್ಲಿ ಮಿಶ್ರ ಜೀವಿಗಳಿಗೆ ಉಣಿಸಿ, ಕ್ಯಾಪ್ರೋಯಿಕ್ ಆಮ್ಲವನ್ನು ಜೊತೆಜೊತೆಗೇ ಹೊರಗೆ ಎಳೆದರು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಡಿಸ್ಟಿಲರಿಗಳ ಹುದುಗಿದ ದ್ರಾವಣದಲ್ಲಿ ಎಥನಾಲ್ ಶೇ 9ರಷ್ಟಿದ್ದರೆ ಅದು ಲೀಟರಿಗೆ 71 ಗ್ರಾಂ. ಇದನ್ನು ಐದಾರು ಪಟ್ಟು ತೆಳುಮಾಡಬೇಕು. ತೆಳುಮಾಡಲು ಸಾದಾ ನೀರಿನ ಬದಲು ಮೊದಲ ದಾರಿಯಿಂದ ಬಂದ ಆಮ್ಲದ ನೀರನ್ನೇ ಬಳಸಿದರೆ ಅಸಿಟೇಟ್ ಪುಕ್ಕಟೆ.

ಪ್ರಯೋಗಕ್ಕೆ 10 ಲೀಟರ್ ರಿಯಾಕ್ಟರ್ ಸಾಕು. ಹೆಪ್ಪು 1.5 ಲೀಟರ್. ಬಗ್ಗಡವನ್ನು 90 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಬೀಜಕಣ ಕಟ್ಟುವ ಕ್ಲಾಸ್ಟ್ರಿಡಿಯಂ ಉಳಿದು ಮೀಥೇನ್ ಜೀವಿಗಳು ಸಾಯುತ್ತವೆ. ಫೀಡಿನಲ್ಲಿ ಲೀಟರಿಗೆ ಎಥನಾಲ್ 12 ಗ್ರಾಂ, ಅಸಿಟಿಕ್ ಆಮ್ಲ 5 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 2ರಿಂದ 3 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 1 ಗ್ರಾಂ, ಜೊತೆಗೆ ಅಮೋನಿಯಂ, ಫಾಸ್ಫೇಟ್, ಸೂಕ್ಷ್ಮ ಲೋಹಗಳು. ಯೀಸ್ಟ್ ಎಕ್ಸ್‌ಟ್ರಾಕ್ಟ್ ಬೇಕಿರುವುದು ಬಯೋಟಿನ್‌ನಂಥ ಜೀವಸತ್ವಗಳಿಗಾಗಿ. ಅದಿಲ್ಲದೆ ಕ್ಲೂಯ್ವರಿ ಬೆಳೆಯದು. ಮೊದಲು ಬ್ಯಾಚ್ ಆಗಿ, ಅಂದರೆ ಹೊಸ ಫೀಡ್ ಸೇರಿಸದೆ, ಬಿಡಿ. ಎರಡರಿಂದ ನಾಲ್ಕು ವಾರ ಏನೂ ಆಗುತ್ತಿಲ್ಲ ಎನಿಸಬಹುದು. ಬ್ಯುಟಿರೇಟ್ ಏರತೊಡಗಿದ ಮೇಲೆ ನಿರಂತರ ಫೀಡ್ ಆರಂಭಿಸಿ, ತಂಗುವ ಅವಧಿಯನ್ನು 15 ದಿನದಿಂದ 10ಕ್ಕೆ, ಆಮೇಲೆ 5ಕ್ಕೆ ತನ್ನಿ. ಈ ಫೀಡಿಗೆ ಕಾಗದದ ಮೇಲಿನ ಮಿತಿ ಲೀಟರಿಗೆ 12.6 ಗ್ರಾಂ ಕ್ಯಾಪ್ರೋಯೇಟ್. ಎಂಟು ಗ್ರಾಂ ಸಿಕ್ಕರೆ ಒಳ್ಳೆಯ ಫಲಿತಾಂಶ.

ಈಗ ಎಡವುವ ಜಾಗಗಳು. ಎಥನಾಲ್ ಖಾಲಿಯಾಗುತ್ತಿದೆ, ಆದರೆ ಕ್ಯಾಪ್ರೋಯೇಟ್ ಬದಲು ಅಸಿಟೇಟ್ ಏರುತ್ತಿದೆ ಎಂದರೆ ಕಾರಣ ಎರಡರಲ್ಲೊಂದು. ಗಾಳಿ ಸೋರುತ್ತಿರಬಹುದು, ಹಾಗಾದರೆ ಅದು ವಿನೆಗರ್ ಆಗುತ್ತಿದೆ. ಪಂಪಿನ ಸಿಲಿಕೋನ್ ಕೊಳವೆ ಆಮ್ಲಜನಕವನ್ನು ಒಳಬಿಡುತ್ತದೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಅದನ್ನು ಆಮ್ಲಜನಕ ಬಿಡದ ಕೊಳವೆಗೆ ಬದಲಿಸಿ. ಗಾಳಿ ಇಲ್ಲದಿದ್ದರೆ ಹೈಡ್ರೋಜನ್ ತೀರಾ ಇಳಿದಿದೆ ಎಂದರ್ಥ. ಮೀಥೇನ್ ಜೀವಿಗಳು ಹೈಡ್ರೋಜನ್ನನ್ನು ಮುಗಿಸುತ್ತಿದ್ದರೆ ಎಥನಾಲ್ ಬೇರೆ ಜೀವಿಗಳ ಬಾಯಿಗೆ ಬಿದ್ದು ಬರೀ ಅಸಿಟೇಟ್ ಆಗುತ್ತದೆ. ಇಂಗಾಲದ ಡೈಆಕ್ಸೈಡ್ ಇಲ್ಲಿ ಎರಡು ಅಲಗಿನ ಕತ್ತಿ. ಅದಿಲ್ಲದೆ ಕ್ಲೂಯ್ವರಿ ತನ್ನ ಮೈ ಕಟ್ಟಿಕೊಳ್ಳದು, ಹೆಚ್ಚು ಕೊಟ್ಟರೆ ಮೀಥೇನ್ ಜೀವಿಗಳಿಗೆ ಹಬ್ಬ. ಬರೀ ಸಾರಜನಕ ಅನಿಲ ಹಾಯಿಸಿ ತೊಟ್ಟಿಯನ್ನು ಚೊಕ್ಕ ಮಾಡುತ್ತಲೇ ಇದ್ದರೆ ಹೈಡ್ರೋಜನ್ನೂ ಇಂಗಾಲದ ಡೈಆಕ್ಸೈಡೂ ಹೊರಹೋಗಿ ಎರಡೂ ಕಡೆ ಕೆಡುತ್ತದೆ. ಮೀಥೇನ್ ತಡೆಯಲು ಬ್ರೋಮೋಎಥೇನ್ ಸಲ್ಫೋನೇಟ್ ಎಂಬ ರಾಸಾಯನಿಕ ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಟನ್ನುಗಟ್ಟಲೆ ದ್ರವಕ್ಕೆ ಅದನ್ನು ಹಾಕುವ ಯೋಜನೆ ಇದ್ದರೆ ಈಗಲೇ ಬಿಡಿ.

ವೇಗದ ವಿಚಾರದಲ್ಲಿ ಈ ದಾರಿಯನ್ನು ಮೀರಿಸುವುದು ಕಷ್ಟ. ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಜೀವಿಗಳು ಅಂಟಿಕೊಳ್ಳಲು ಪ್ಲಾಸ್ಟಿಕ್ ತುಣುಕು ತುಂಬಿದ ಮೇಲ್ಮುಖ ಹರಿವಿನ ಫಿಲ್ಟರಿನಲ್ಲಿ, ತಂಗುವ ಅವಧಿಯನ್ನು 4 ಗಂಟೆಗೆ ಇಳಿಸಿ, ರಿಯಾಕ್ಟರಿನ ಪ್ರತಿ ಲೀಟರಿಗೆ ದಿನಕ್ಕೆ 57 ಗ್ರಾಂ ಆಮ್ಲದವರೆಗೆ ಮುಟ್ಟಿದ್ದಾರೆ. ಅದು ಸ್ವಚ್ಛ ಎಥನಾಲ್, ಅಸಿಟೇಟ್ ಕೊಟ್ಟಾಗಿನ ಮಾತು. ಆ ಸಂಖ್ಯೆಯನ್ನು ತರಕಾರಿ ಕಸದ ಯೋಜನಾ ವರದಿಗೆ ಎತ್ತಿ ಹಾಕಬೇಡಿ.

ನಾಲ್ಕು: ಲ್ಯಾಕ್ಟಿಕ್ ಆಮ್ಲದಿಂದಲೇ ಸರಪಳಿ

ಹಾಲೊಡಕು ಇರುವವರು, ಸಕ್ಕರೆ-ಪಿಷ್ಟದ ಕಸ ಇರುವವರು ನೋಡಬೇಕಾದದ್ದು ಇದು. ಎಥನಾಲ್ ಕೊಳ್ಳಬೇಕಿಲ್ಲ. ಸಕ್ಕರೆ ಮೊದಲು ಲ್ಯಾಕ್ಟಿಕ್ ಆಗುತ್ತದೆ. ಮೂರು ಲ್ಯಾಕ್ಟಿಕ್ ಸೇರಿ ಒಂದು ಕ್ಯಾಪ್ರೋಯಿಕ್ ಆಗುತ್ತದೆ, ಮೂರು ಇಂಗಾಲದ ಡೈಆಕ್ಸೈಡ್ ಮತ್ತು ಒಂದಿಷ್ಟು ಹೈಡ್ರೋಜನ್ ಹೊರಬೀಳುತ್ತವೆ. ತೂಕದಲ್ಲಿ ಒಂದು ಕೆ.ಜಿ. ಲ್ಯಾಕ್ಟಿಕ್‌ಗೆ ಹೆಚ್ಚೆಂದರೆ 0.43 ಕೆ.ಜಿ. ಹಾಲೊಡಕಿನಲ್ಲಿ ಲೀಟರಿಗೆ 45 ಗ್ರಾಂ ಲ್ಯಾಕ್ಟೋಸ್ ಇದ್ದರೆ ಮಿತಿ ಸುಮಾರು 20 ಗ್ರಾಂ ಕ್ಯಾಪ್ರೋಯಿಕ್. ಅರ್ಧ ಸಿಕ್ಕರೆ ತೃಪ್ತಿಪಡಬಹುದು.

ಗ್ರೀಕ್ ಮೊಸರಿನ ಹುಳಿ ಹಾಲೊಡಕಿನ ಮೇಲೆ ಆಂಗೆನೆಂಟ್ ತಂಡ 2018ರಲ್ಲಿ ಪ್ರಕಟಿಸಿದ ಕೆಲಸ ಮಾದರಿಯಾಗಿ ಇಟ್ಟುಕೊಳ್ಳುವಂಥದ್ದು: ಮೊದಲ ತೊಟ್ಟಿ 50 ಡಿಗ್ರಿ, ಅಲ್ಲಿ ಲ್ಯಾಕ್ಟಿಕ್. ಎರಡನೆಯದು 30 ಡಿಗ್ರಿ, ಅಲ್ಲಿ ಸರಪಳಿ ಜೋಡಣೆ. ಹೊರಗಿನಿಂದ ಎಥನಾಲ್ ಸೊನ್ನೆ. ಜರ್ಮನಿಯ ಲೈಪ್ಜಿಗ್‌ನಲ್ಲಿ ಹುಳಿಸಿದ ಮೆಕ್ಕೆಜೋಳದ ಮೇವಿನಿಂದಲೂ ಇದೇ ಆಮ್ಲ ತೆಗೆದಿದ್ದಾರೆ. ನಮ್ಮ ಹವೆಯಲ್ಲಿ ಎರಡನೇ ತೊಟ್ಟಿಗೆ ಬಿಸಿನೀರು ಹೆಚ್ಚಾಗಿ ಬೇಕಾಗದು. ಇದು ಸಣ್ಣ ಅನುಕೂಲವಲ್ಲ.

ದೊಡ್ಡ ಶತ್ರು ಪ್ರೊಪಿಯಾನಿಕ್ ಆಮ್ಲ. ಅದೇ ಲ್ಯಾಕ್ಟಿಕ್ಕನ್ನು ತಿಂದು ಪ್ರೊಪಿಯಾನಿಕ್ ಮಾಡುವ ಜೀವಿಗಳು ಎಲ್ಲ ಬಗ್ಗಡದಲ್ಲೂ ಇರುತ್ತವೆ. ಪಿಎಚ್ 6 ದಾಟಿದರೆ, ಅಥವಾ ತೊಟ್ಟಿಯಲ್ಲಿ ಲ್ಯಾಕ್ಟಿಕ್ ಉಳಿದು ಶೇಖರವಾದರೆ, ಅವು ಗೆಲ್ಲುತ್ತವೆ. ಅಲ್ಲಿಂದ ವಾಪಸ್ ತರುವುದು ವಾರಗಳ ಕೆಲಸ. ಪಿಎಚ್ 5.5ರ ಆಸುಪಾಸು ಸುರಕ್ಷಿತ. ಆದರೆ ಇಲ್ಲೊಂದು ವಿಚಿತ್ರವಿದೆ. ಮೂರು ಆಮ್ಲ ಒಂದಾಗುವುದರಿಂದ ಕೆಲಸ ಚೆನ್ನಾಗಿ ನಡೆದಷ್ಟೂ ಪಿಎಚ್ ಏರುತ್ತದೆ! ಕ್ಷಾರದ ಪಂಪ್ ಮಾತ್ರ ಜೋಡಿಸಿ ಕೂತವರು ಇದನ್ನು ನೋಡಿ ಪ್ರೋಬ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸರಿಯಾದ ಉಪಾಯವೆಂದರೆ ಹುಳಿ ಫೀಡನ್ನೇ ಪಿಎಚ್ ಹಿಡಿಯಲು ಬಳಸುವುದು. ಪಿಎಚ್ 5.6 ಮುಟ್ಟಿದಾಗ ಫೀಡ್ ಪಂಪ್ ಓಡಲಿ, 5.4ಕ್ಕೆ ಇಳಿದಾಗ ನಿಲ್ಲಲಿ. ಲ್ಯಾಕ್ಟಿಕ್ ಶೇಖರವಾಗುವುದೂ ಇದರಿಂದ ತಪ್ಪುತ್ತದೆ, ಕ್ಷಾರದ ಖರ್ಚೂ ಉಳಿಯುತ್ತದೆ. ದಿನಕ್ಕೊಮ್ಮೆ ಬಕೆಟ್ಟಿನಲ್ಲಿ ಸುರಿಯುವ ಪದ್ಧತಿ ಇಲ್ಲಿ ನಡೆಯದು.

ಹೆಪ್ಪಿಗೆ ಬಗ್ಗಡದ ಜೊತೆ ಹಸುವಿನ ಮೆಲುಕು ಹೊಟ್ಟೆಯ ದ್ರವ ಸಿಕ್ಕರೆ ಒಳ್ಳೆಯದು. ಲ್ಯಾಕ್ಟಿಕ್ ಬಳಸುವ ಮೆಗಾಸ್ಫೇರಾ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸಹಜವಾಗಿರುತ್ತದೆ. ಮೆಗಾಸ್ಫೇರಾಕ್ಕೆ ಬೀಜಕಣವಿಲ್ಲ, ಹಾಗಾಗಿ ಈ ಹೆಪ್ಪನ್ನು ಕಾಯಿಸಬೇಡಿ. ಹಾಲೊಡಕಿನ ಕೊಬ್ಬು, ಪ್ರೋಟೀನ್ ನೊರೆ ಎಬ್ಬಿಸುತ್ತವೆ. ತೊಟ್ಟಿಯ ಮೇಲ್ಭಾಗ ಶೇ 25ರಷ್ಟು ಖಾಲಿ ಇಡಿ, ಅನಿಲದ ಕೊಳವೆಗೆ ಮುಂಚೆ ಒಂದು ಖಾಲಿ ಬಾಟಲಿ ಜೋಡಿಸಿ. ಇಲ್ಲದಿದ್ದರೆ ನೊರೆ ಗ್ಯಾಸ್ ಮೀಟರಿಗೆ ನುಗ್ಗುತ್ತದೆ.

ಹೊರತೆಗೆಯುವುದು: ತೀರ್ಮಾನವಾಗುವ ಜಾಗ

ಕ್ಯಾಪ್ರೋಯಿಕ್ ಆಮ್ಲದ ಆಕರ್ಷಣೆ ಅದರ ಜಿಡ್ಡಿನ ಗುಣದಲ್ಲಿದೆ. ಅಯಾನಾಗಿ ಒಡೆಯದ ರೂಪದಲ್ಲಿ ಅದು ಲೀಟರ್ ನೀರಿಗೆ ಹತ್ತು ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ. ಕ್ಯಾಪ್ರಿಲಿಕ್ ಆಮ್ಲ 0.7 ಗ್ರಾಂ ಕೂಡ ಕರಗದು. ಮಿತಿ ದಾಟಿದ್ದು ಎಣ್ಣೆಯಾಗಿ ತೇಲುತ್ತದೆ, ಸೌಟಿನಲ್ಲಿ ಎತ್ತಬಹುದು. ಸಮಸ್ಯೆಯೆಂದರೆ ಅದೇ ರೂಪ ಜೀವಿಗಳಿಗೆ ವಿಷ. ಲೀಟರಿಗೆ ಸುಮಾರು 0.9 ಗ್ರಾಂ ಆಗುತ್ತಲೇ ಅವು ಸೊರಗುತ್ತವೆ. ಪಿಎಚ್ 5.5ರಲ್ಲಿ ಒಟ್ಟು ಕ್ಯಾಪ್ರೋಯೇಟ್‌ನ ಶೇ 19 ಈ ರೂಪದಲ್ಲಿರುತ್ತದೆ, ಪಿಎಚ್ 6ರಲ್ಲಿ ಶೇ 7, ಪಿಎಚ್ 7ರಲ್ಲಿ ಶೇ 1ಕ್ಕೂ ಕಡಿಮೆ. ಅಂದರೆ 5.5ರಲ್ಲಿ ನಡೆಸುವವರು ಒಟ್ಟು ನಾಲ್ಕೂವರೆ ಗ್ರಾಂ ಆಗುವಷ್ಟರಲ್ಲಿ ಆಮ್ಲವನ್ನು ಹೊರಗೆ ಎಳೆಯುತ್ತಲೇ ಇರಬೇಕು. 6.5ರಿಂದ 7ರಲ್ಲಿ ನಡೆಸುವವರು ಹತ್ತು ಗ್ರಾಂ ದಾಟಿಸಬಹುದು, ಆದರೆ ಅದು ಉಪ್ಪಿನ ರೂಪ, ತೇಲುವುದಿಲ್ಲ.

ಇಲ್ಲಿ ಒಂದು ಲೆಕ್ಕ ತಪ್ಪಿ ಹಲವು ಯೋಜನೆಗಳು ಮುಗ್ಗರಿಸುತ್ತವೆ. ಲೀಟರಿಗೆ 10 ಗ್ರಾಂ ಇರುವ ದ್ರವಕ್ಕೆ ಗಂಧಕಾಮ್ಲ ಸುರಿದು ಪಿಎಚ್ 3ಕ್ಕೆ ಇಳಿಸಿದರೆ ಎಣ್ಣೆ ತೇಲುತ್ತದೆ ಎಂದುಕೊಂಡಿರುತ್ತಾರೆ. ಹತ್ತು ಗ್ರಾಂ ಎಂದರೆ ಸರಿಯಾಗಿ ಕರಗುವ ಮಿತಿ, ಏನೂ ತೇಲದು. ಮೊದಲು ನಾಲ್ಕೈದು ಪಟ್ಟು ಗಟ್ಟಿಮಾಡಬೇಕು, ಆಮೇಲೆ ಆಮ್ಲ ಹಾಕಬೇಕು.

ಜೊತೆಜೊತೆಗೇ ಎಳೆಯುವ ವಿಧಾನದಲ್ಲಿ ದ್ರವವನ್ನು ನೀರೊಲ್ಲದ ಟೊಳ್ಳುನೂಲಿನ ಮೆಂಬ್ರೇನಿನ (ತೆಳು ಪೊರೆಯ) ಒಂದು ಬದಿ ಹರಿಸುತ್ತಾರೆ. ಇನ್ನೊಂದು ಬದಿ ಆಮ್ಲವನ್ನು ಸೆಳೆಯುವ ಟಿಒಪಿಒ ಎಂಬ ರಾಸಾಯನಿಕವನ್ನು ಶೇ 3ರಷ್ಟು ಬೆರೆಸಿದ ಮಿನರಲ್ ಎಣ್ಣೆ. ಎಣ್ಣೆಯಿಂದ ಆಮ್ಲ ಎರಡನೇ ಮೆಂಬ್ರೇನ್ ದಾಟಿ ಪಿಎಚ್ 9ರ ದ್ರಾವಣಕ್ಕೆ ಸೇರುತ್ತದೆ. ಉದ್ದ ಸರಪಳಿಯದೇ ಹೆಚ್ಚು ದಾಟುವುದರಿಂದ ಅಸಿಟಿಕ್ ಹಿಂದೆಯೇ ಉಳಿದು ಮತ್ತೆ ಜೋಡಣೆಗೆ ಒದಗುತ್ತದೆ. ಬಹಳ ಚೆಂದದ ವ್ಯವಸ್ಥೆ, ಆದರೆ ತಿಳಿಯಾದ ದ್ರವಕ್ಕೆ ಮಾತ್ರ. ಹಾಲೊಡಕಿನ ಕೊಬ್ಬು ಅಥವಾ ಕಸದ ನಾರು ಮೆಂಬ್ರೇನಿಗೆ ಬಡಿದರೆ ಅದು ಒದ್ದೆಯಾಗಿ ಎಣ್ಣೆ ರಿಯಾಕ್ಟರಿಗೆ ಸೋರುತ್ತದೆ. ಮುಂಚೆ ಸೂಕ್ಷ್ಮ ಫಿಲ್ಟರ್ ಕಡ್ಡಾಯ. ಪಿಎಚ್ 9ರ ದ್ರಾವಣಕ್ಕೂ ಕ್ಷಾರ ಹಾಕುತ್ತಲೇ ಇರಬೇಕು. ವಿದ್ಯುತ್ತಿನಿಂದ ಮೆಂಬ್ರೇನ್ ದಾಟಿಸಿ ಎಣ್ಣೆಯಾಗಿ ತೇಲಿಸುವುದಾದರೆ ಕ್ಷಾರ ಉಳಿಯುತ್ತದೆ. ಆಗ ಒಂದು ಕೆ.ಜಿ. ಕ್ಯಾಪ್ರೋಯಿಕ್‌ಗೆ ಕನಿಷ್ಠ 231 ಆಂಪಿಯರ್-ಗಂಟೆ, 4 ವೋಲ್ಟಿನಲ್ಲಿ ಸುಮಾರು 0.9 ಯೂನಿಟ್.

ಬಂಡವಾಳ ಕಡಿಮೆಯಿದ್ದರೆ ಶುದ್ಧ ಆಮ್ಲದ ಆಸೆ ಬಿಟ್ಟು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಉಪ್ಪಾಗಿ ಪಶು ಆಹಾರ ತಯಾರಕರಿಗೆ ಕೊಡುವ ಸಾಧ್ಯತೆ ನೋಡಿ. ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್‌ನಂಥ ಮಧ್ಯಮ ಸರಪಳಿಯ ಆಮ್ಲಗಳಿಗೆ ರೋಗಾಣು ತಡೆಯುವ ಗುಣವಿದೆ. ಆಹಾರ ತ್ಯಾಜ್ಯದಿಂದ ಇಂಥ ಆಮ್ಲ ತಯಾರಿಸಿದ ಆಮ್‌ಸ್ಟರ್‌ಡ್ಯಾಮಿನ ಚೈನ್‌ಕ್ರಾಫ್ಟ್ ವಾಗೆನಿಂಗೆನ್ನಿನ ಕೆಲಸದಿಂದಲೇ ಬೆಳೆದ ಕಂಪನಿ. ಕೊಳ್ಳುವವರು ತ್ಯಾಜ್ಯದ ಮೂಲ ಯಾವುದೆಂದು ಕೇಳಿಯೇ ಕೇಳುತ್ತಾರೆ. ಹಾಲೊಡಕು ಎನ್ನುವುದು ಸುಲಭ, ಹೋಟೆಲ್ ಮುಸುರೆ ಎನ್ನುವುದು ಕಷ್ಟ.

ಎಂಟು ಕಾರ್ಬನ್ನಿಗೆ ಹೋಗಬೇಕೇ ಎಂದು ಕೇಳುವವರೂ ಇದ್ದಾರೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಕ್ಯಾಪ್ರಿಲಿಕ್ ಶೇ 7-8ರಷ್ಟಿದೆ, ಕ್ಯಾಪ್ರೋಯಿಕ್ ಶೇ 1 ಕೂಡ ಇಲ್ಲ. ಎಂಟರಲ್ಲಿ ನೀವು ತೆಂಗು, ತಾಳೆಯ ಜೊತೆ ಪೈಪೋಟಿಗಿಳಿಯುತ್ತೀರಿ. ಆರಿಗೆ ಅಂಥ ಅಗ್ಗದ ಮೂಲವಿಲ್ಲ. ಮೊದಲ ಘಟಕಕ್ಕೆ ಆರೇ ಸರಿ.

ಯಾರಿಗೆ ಯಾವುದು

ದಿನಕ್ಕೆ ಕೆಲವು ನೂರು ಲೀಟರ್ ಹಾಲೊಡಕು ಬರುವ ಪನೀರ್ ಘಟಕಕ್ಕೆ ನಾಲ್ಕನೇ ದಾರಿ ಆಕರ್ಷಕವಾಗಿ ಕಾಣುತ್ತದೆ. ಆದರೆ 500 ಲೀಟರಿನಿಂದ ದಿನಕ್ಕೆ ಸಿಗುವುದು ನಾಲ್ಕೈದು ಕೆ.ಜಿ. ಕ್ಯಾಪ್ರೋಯಿಕ್. ಅಷ್ಟಕ್ಕೆ ಮೆಂಬ್ರೇನ್, ಕ್ರೊಮಟೋಗ್ರಾಫ್, ಒಬ್ಬ ತಂತ್ರಜ್ಞನ ಸಂಬಳ ಏಳಲಾರದು. ಅವರಿಗೆ ಬಯೋಗ್ಯಾಸೇ ಲೇಸು. ಹತ್ತಾರು ಸಾವಿರ ಲೀಟರ್ ಇರುವ ಡೇರಿಗೆ ಲೆಕ್ಕವೇ ಬೇರೆ. ಅಲ್ಲಿ ಎರಡು ತೊಟ್ಟಿಯ ವ್ಯವಸ್ಥೆ ಹಾಕಿ, ಉಳಿದ ನೀರನ್ನು ಈಗಿರುವ ಬಯೋಗ್ಯಾಸ್ ತೊಟ್ಟಿಗೆ ಬಿಟ್ಟರೆ ಸಿಒಡಿ ಇಳಿಸುವ ಕೆಲಸವೂ ಆಗುತ್ತದೆ.

ಡಿಸ್ಟಿಲರಿಗೆ ಮೂರನೆಯದು, ಸಲ್ಫೇಟ್ ವರದಿ ನೋಡಿದ ಮೇಲೆ. ಬಟ್ಟಿ ಇಳಿಸಿದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಒಂದನ್ನೇ ನಂಬಿ ಹೊರಟರೆ ಎಥನಾಲೂ ಇಲ್ಲ, ಲ್ಯಾಕ್ಟಿಕ್ಕೂ ಸಾಕಷ್ಟಿಲ್ಲ, ಸಲ್ಫೈಡ್ ಮಾತ್ರ ಧಾರಾಳ. ಮಾರುಕಟ್ಟೆಯ ಘನ ಕಸಕ್ಕೆ ಕಲಕುವ ತೊಟ್ಟಿಗಿಂತ, ಕಸವನ್ನು ಒಟ್ಟಿ ಮೇಲಿಂದ ನೀರು ಹಾಯಿಸಿ ರಸ ಇಳಿಸುವ ಹಾಸು ಅಗ್ಗ. ಇಳಿದ ರಸ ಮೊದಲ ದಾರಿಗೆ, ಅನ್ನ-ಹಣ್ಣು ಹೆಚ್ಚಿದ್ದರೆ ನಾಲ್ಕನೆಯದಕ್ಕೆ. ಕಾಲೇಜಿನ ಪ್ರಯೋಗಾಲಯಕ್ಕೆ 2ರಿಂದ 5 ಲೀಟರಿನ ಸೀಕ್ವೆನ್ಸಿಂಗ್ ಬ್ಯಾಚ್ ರಿಯಾಕ್ಟರ್ (ತುಂಬಿಸು, ಹುದುಗಿಸು, ತಂಗಿಸು, ತೆಗೆ ಎಂಬ ಸುತ್ತುಗಳಲ್ಲಿ ನಡೆಯುವ ತೊಟ್ಟಿ) ಸಾಕು. ಟೈಮರ್, ಎರಡು ಪಂಪು, ಪಿಎಚ್ ಕಂಟ್ರೋಲರ್ ಇದ್ದರೆ ಜೀವಿಗಳನ್ನು ತಳಕ್ಕಿಳಿಸಿ ತಿಳಿಯನ್ನಷ್ಟೇ ಹೊರಬಿಡಬಹುದು. ಸುತ್ತ ಮನೆಗಳಿದ್ದರೆ ಯಾವ ದಾರಿಯಾದರೂ ವಾಸನೆಯ ಬಗ್ಗೆ ಮೊದಲೇ ಯೋಚಿಸಿ. ಬ್ಯುಟಿರಿಕ್‌ಗೆ ವಾಂತಿಯ ನಾತ, ಕ್ಯಾಪ್ರೋಯಿಕ್‌ಗೆ ಹೋತದ ನಾತ. ಬಟ್ಟೆಗೆ ಹತ್ತಿದರೆ ಒಗೆದರೂ ಹೋಗದು. ಹೊರಹೋಗುವ ಅನಿಲವನ್ನು ಕಾಸ್ಟಿಕ್ ಸೋಡಾ ದ್ರಾವಣದ ಮೂಲಕ ಹಾಯಿಸಿ. ಹೈಡ್ರೋಜನ್ ಇರುವುದರಿಂದ ಆ ಕೊಳವೆಯನ್ನು ಕಟ್ಟಡದ ಹೊರಗೇ ಬಿಡಬೇಕು, ಹತ್ತಿರ ಕಿಡಿ ಇರಬಾರದು.

ಏನನ್ನೂ ಕೊಳ್ಳುವ ಮೊದಲು ಬಾಟಲಿ ಪರೀಕ್ಷೆ ಮಾಡಿ. 250 ಮಿ.ಲೀ. ಸೀರಂ ಬಾಟಲಿಗಳಲ್ಲಿ ನಿಮ್ಮ ಫೀಡ್ 130 ಮಿ.ಲೀ., ಹೆಪ್ಪು 20 ಮಿ.ಲೀ., ರಬ್ಬರ್ ಬಿರಡೆ, 35 ಡಿಗ್ರಿ. ಪಿಎಚ್ 5.5, 6.2, 7 ಹೀಗೆ ಮೂರು, ಪ್ರತಿಯೊಂದಕ್ಕೂ ಮೂರು ಬಾಟಲಿ. ದಿನ ಬಿಟ್ಟು ದಿನ ಪಿಎಚ್ ಸರಿಪಡಿಸಿ, ಒತ್ತಡ ಬಿಡಿ, ವಾರಕ್ಕೆರಡು ಸಲ ಸ್ಯಾಂಪಲ್ ತೆಗೆದು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಆಮ್ಲಗಳನ್ನು ನೋಡಿಸಿ. ನಾಲ್ಕು ವಾರಕ್ಕೆ ಯಾವ ಬಾಟಲಿಯಲ್ಲೂ ಕ್ಯಾಪ್ರೋಯೇಟ್ ಲೀಟರಿಗೆ ಒಂದು ಗ್ರಾಂ ದಾಟದಿದ್ದರೆ ಬೇರೆ ಹೆಪ್ಪಿನೊಂದಿಗೆ ಇನ್ನೊಮ್ಮೆ. ಆಗಲೂ ಇಲ್ಲದಿದ್ದರೆ ನಿಮ್ಮ ಫೀಡ್ ಮೊದಲ ದಾರಿಗೆ ಸೇರಿದ್ದು. ಮೂರೂ ಪಿಎಚ್‌ನಲ್ಲಿ ಪ್ರೊಪಿಯಾನಿಕ್ಕೇ ಮುಂದಿದ್ದರೆ ಹೆಪ್ಪು ಬದಲಿಸುವ ಮುಂಚೆ ಫೀಡನ್ನು ಅರ್ಧಕ್ಕೆ ತೆಳುಮಾಡಿ ನೋಡಿ.